ಟೆಕ್ಸಾಸ್‌ಗೆ ಮನೆ ಬದಲಿಸಿದವರ ಮಕ್ಕಳಿಗೆ ಇನ್-ಸ್ಟೇಟ್ ಫೀಸು ಸಿಗಬೇಕಾದರೆ

ಮಕ್ಕಳು ಹೈಸ್ಕೂಲಿನಲ್ಲಿ ಇರುವಾಗಲೇ ಬೇರೆ ರಾಜ್ಯದಿಂದ ಟೆಕ್ಸಾಸ್‌ಗೆ ಬರುವ ಕನ್ನಡದ ಕುಟುಂಬಗಳು ಪ್ರತಿ ವರ್ಷವೂ ಇದ್ದೇ ಇರುತ್ತವೆ. ನಾವೂ ಹಾಗೆ ಬಂದವರೇ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಹಳ ಕಾಲ ಇದ್ದು, ಮಗಳು ಹತ್ತನೇ ಗ್ರೇಡ್ ಮುಗಿಸಿದ ಬೇಸಿಗೆಯಲ್ಲಿ ಡಲ್ಲಾಸ್ ಹತ್ತಿರದ ಫ್ರಿಸ್ಕೋಗೆ ಬಂದೆವು. ನಮ್ಮನೆಯವರದು ಎಚ್-1ಬಿ ಅನ್ನುವ ಕೆಲಸದ ವೀಸಾ, ನಾನೂ ಮಗಳೂ ಅವರ ಕುಟುಂಬದವರಿಗೆ ಕೊಡುವ ಎಚ್-4. ಅವಳೀಗ ಇಲ್ಲಿನ ಸರ್ಕಾರಿ ಯೂನಿವರ್ಸಿಟಿಯಲ್ಲಿ ಇನ್-ಸ್ಟೇಟ್ ಫೀಸು, ಅಂದರೆ ರಾಜ್ಯದ ನಿವಾಸಿಗಳಿಗೆ ಇರುವ ಕಡಿಮೆ ಫೀಸು, ಕಟ್ಟಿಕೊಂಡು ಓದುತ್ತಿದ್ದಾಳೆ. ಹೊಸದಾಗಿ ಬರುವವರು ಫೋನ್ ಮಾಡಿದಾಗೆಲ್ಲ ಕೇಳುವುದು ಇದೊಂದನ್ನೇ. ಅವರಿಗೆ ಹೇಳುವುದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂದರೆ ದುಡ್ಡಿನ ವ್ಯತ್ಯಾಸ ಸಣ್ಣದಲ್ಲ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಾಸ್‌ನಲ್ಲಿ ಟೆಕ್ಸಾಸಿನವರಿಗೆ ವರ್ಷದ ಫೀಸು ಹನ್ನೊಂದರಿಂದ ಹದಿಮೂರು ಸಾವಿರ ಡಾಲರ್ ಆಸುಪಾಸು. ಹೊರಗಿನವರಿಗೆ ಅದೇ ಕ್ಲಾಸು, ಅದೇ ಬೆಂಚು, ಫೀಸು ಮಾತ್ರ ನಲವತ್ತು ಸಾವಿರದ ಮೇಲೆ. ನಾಲ್ಕು ವರ್ಷಕ್ಕೆ ಲಕ್ಷ ಡಾಲರ್ ದಾಟುತ್ತದೆ. ಎಚ್-4 ಮಕ್ಕಳಿಗೆ ಫೆಡರಲ್ ಸರ್ಕಾರದ ಸಹಾಯಧನವಾಗಲಿ ಸಾಲವಾಗಲಿ ಸಿಗುವುದಿಲ್ಲ. ಹಾಗಾಗಿ ನಮ್ಮಂಥವರಿಗೆ ಸಿಗುವ ದೊಡ್ಡ ರಿಯಾಯಿತಿ ಇದೊಂದೇ.

ಮೊದಲು ತಾರೀಖು

ಟೆಕ್ಸಾಸಿನ ಕಾನೂನು ಹೇಳುವುದು ಇಷ್ಟು: ಸೆಮಿಸ್ಟರಿನ ಸೆನ್ಸಸ್ ಡೇಟ್‌ಗೆ ಕನಿಷ್ಠ ಒಂದು ವರ್ಷ ಮೊದಲೇ ನೀವು ಇಲ್ಲಿ ನೆಲೆ ನಿಂತಿರಬೇಕು, ಆ ವರ್ಷವಿಡೀ ಅದು ಮುರಿಯದೆ ನಡೆದಿರಬೇಕು. ಫಾಲ್ ಮತ್ತು ಸ್ಪ್ರಿಂಗ್ ಸೆಮಿಸ್ಟರುಗಳಲ್ಲಿ ಸೆನ್ಸಸ್ ಡೇಟ್ ಅಂದರೆ ತರಗತಿಗಳ ಹನ್ನೆರಡನೇ ದಿನ. ಆಗಸ್ಟ್ ಕೊನೆಯ ಹೊತ್ತಿಗೆ ಕಾಲೇಜು ಶುರುವಾದರೆ ಅದು ಸೆಪ್ಟೆಂಬರ್ ಮೊದಲ ಅರ್ಧದಲ್ಲಿ ಬರುತ್ತದೆ. ನಿಮ್ಮ ಮಗು 2027ರ ಫಾಲ್‌ಗೆ ಸೇರುವುದಾದರೆ, 2026ರ ಸೆಪ್ಟೆಂಬರ್ ಶುರುವಾಗುವ ಮುಂಚೆ ನೀವು ಟೆಕ್ಸಾಸಿನಲ್ಲಿ ಮನೆ ಮಾಡಿ, ಕೆಲಸ ಮಾಡುತ್ತಿರಬೇಕು. ಕೊನೇ ವಾರದ ತನಕ ಎಳೆಯಬೇಡಿ. ಜೂನ್, ಜುಲೈಯಲ್ಲೇ ಬಂದುಬಿಟ್ಟರೆ ಎಲ್ಲ ಕಾಗದಕ್ಕೂ ಹಳೆಯ ತಾರೀಖು ಬೀಳುತ್ತದೆ, ಎದೆ ಬಡಿತ ಕಮ್ಮಿ.

ಇಲ್ಲಿ ಒಂದು ಸಂಗತಿ ನಮ್ಮವರಿಗೆ ಸಲೀಸಾಗಿ ತಲೆಗೆ ಹೋಗುವುದಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಮಗು ಎಷ್ಟು ವರ್ಷ ರಾಜ್ಯದಲ್ಲಿ ಓದಿದೆ ಅಂತ ನೋಡುತ್ತಾರೆ. ಏಳು ವರ್ಷದ ಸ್ಟಡಿ ಸರ್ಟಿಫಿಕೇಟ್‌ಗೆ ಶಾಲೆಯಿಂದ ಶಾಲೆಗೆ ಅಲೆದವರಿಗೆ ಅದು ಗೊತ್ತು. ಟೆಕ್ಸಾಸಿನ ಈ ಒಂದು ವರ್ಷದ ದಾರಿಯಲ್ಲಿ ಲೆಕ್ಕಕ್ಕೆ ಬರುವುದು ಅಪ್ಪ ಅಥವಾ ಅಮ್ಮ ಯಾವಾಗಿಂದ ಇಲ್ಲಿದ್ದಾರೆ ಅನ್ನುವುದು. ಮಗು ನಿಮ್ಮ ಫೆಡರಲ್ ಟ್ಯಾಕ್ಸ್ ರಿಟರ್ನಿನಲ್ಲಿ ಡಿಪೆಂಡೆಂಟ್ (ನಿಮ್ಮ ಅವಲಂಬಿತರು) ಆಗಿದ್ದರೆ, ಇಲ್ಲವೇ ಹಾಗೆ ತೋರಿಸಲು ಅರ್ಹತೆ ಇದ್ದರೆ, ನಿಮ್ಮ ನೆಲೆಯೇ ಅದರ ನೆಲೆ. ಹಾಗಾಗಿ ಯಜಮಾನರು ಮೊದಲು ಬಂದು ಮನೆ ಹಿಡಿದು, ತಾಯಿ ಮಕ್ಕಳು ಶಾಲೆಯ ವರ್ಷ ಮುಗಿಸಿಕೊಂಡು ಆಮೇಲೆ ಬಂದರೂ ತೊಂದರೆ ಇಲ್ಲ. ಲೆಕ್ಕ ಯಜಮಾನರು ಬಂದ ದಿನದಿಂದ ಶುರು.

ಇನ್ನೊಂದು ದಾರಿಯೂ ಇದೆ. ಮಗು ಟೆಕ್ಸಾಸಿನ ಹೈಸ್ಕೂಲಿನಿಂದ ಪಾಸಾಗಿ, ಅದಕ್ಕೆ ಮುಂಚಿನ 36 ತಿಂಗಳು ಎಡೆಬಿಡದೆ ಇಲ್ಲೇ ಇದ್ದು, ಸೆನ್ಸಸ್ ಡೇಟ್‌ಗೆ ಮುಂಚಿನ 12 ತಿಂಗಳೂ ಇಲ್ಲೇ ಇದ್ದರೆ ಅದರ ಮೇಲೂ ಕೇಳಬಹುದು. ಒಂಬತ್ತನೇ ಗ್ರೇಡಿಗೆ ಮೊದಲೇ ಬಂದವರಿಗೆ ಇದು ಹೊಂದುತ್ತದೆ. 2025ರ ಜೂನ್‌ನಲ್ಲಿ ಫೆಡರಲ್ ಕೋರ್ಟು, ದೇಶದಲ್ಲಿ ಕಾನೂನುಬದ್ಧವಾಗಿ ಇಲ್ಲದವರಿಗೆ ಈ ಸೌಲಭ್ಯ ಕೊಡಬಾರದು ಅಂತ ತಡೆ ಹಾಕಿತು. ವೀಸಾ ಸರಿಯಾಗಿರುವ ಮಕ್ಕಳೂ ಐ-797 (ವೀಸಾ ಅರ್ಜಿಯ ಮಂಜೂರಾತಿ ಪತ್ರ), ಐ-94 (ದೇಶದೊಳಗೆ ಬಂದ ದಾಖಲೆ) ಕೇಳಿದ ಕೂಡಲೇ ಕೊಡುವ ಹಾಗೆ ಇಟ್ಟುಕೊಳ್ಳುವುದು ಒಳ್ಳೆಯದು.

ವೀಸಾ ಅಡ್ಡ ಬರುತ್ತಾ?

ಇದು ಎಲ್ಲರ ಮೊದಲ ಭಯ. ಟೆಕ್ಸಾಸಿನಲ್ಲಿ ಎಚ್-1ಬಿ, ಎಚ್-4, ಎಲ್-1 (ಕಂಪನಿಯೊಳಗಿನ ವರ್ಗಾವಣೆ ವೀಸಾ), ಎಲ್-2 (ಅವರ ಕುಟುಂಬದವರದು) ಇರುವವರು ನೆಲೆ ಸಾಬೀತು ಮಾಡಬಹುದು. ಗ್ರೀನ್ ಕಾರ್ಡಿನ ಕೊನೆಯ ಅರ್ಜಿ ಐ-485 ಹಾಕಿ ರಸೀದಿ ಬಂದವರೂ ಮಾಡಬಹುದು. ವಿದ್ಯಾರ್ಥಿ ವೀಸಾ ಎಫ್-1, ಪ್ರವಾಸಿ ವೀಸಾ ಬಿ ಮೇಲೆ ಆಗುವುದಿಲ್ಲ.

ಎಚ್-4 ಮಕ್ಕಳ ವಿಷಯದಲ್ಲಿ ಎರಡು ಮಾತು. ಒಂದು, ಅವರು ದುಡಿಯುವ ಹಾಗಿಲ್ಲ. ಎಚ್-4 ಇಎಡಿ, ಅಂದರೆ ಕೆಲಸದ ಪರವಾನಗಿ, ಅಂತ 2015ರಿಂದ ಕೊಡುತ್ತಿರುವುದು ಗಂಡ ಅಥವಾ ಹೆಂಡತಿಗೆ, ಅದೂ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ ಐ-140 ಮಂಜೂರಾದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ. ಮಕ್ಕಳಿಗಿಲ್ಲ. ಆದ್ದರಿಂದ "ನಾನೇ ದುಡಿದು ನನ್ನ ಕಾಲ ಮೇಲೆ ನಿಂತಿದ್ದೇನೆ" ಅಂತ ತೋರಿಸುವ ದಾರಿ ಈ ಮಕ್ಕಳಿಗೆ ಮುಚ್ಚಿದೆ. ಎಲ್ಲವೂ ಅಪ್ಪ ಅಮ್ಮನ ಕಾಗದದ ಮೇಲೆಯೇ ನಿಲ್ಲಬೇಕು. ಎರಡು, 21 ತುಂಬಿದರೆ ಎಚ್-4 ಹೋಗುತ್ತದೆ. ಭಾರತದವರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮಗೆ ಹೇಳಬೇಕಿಲ್ಲ. ಡಿಗ್ರಿ ಮುಗಿಯುವ ಮೊದಲೇ ಮಗು ಎಫ್-1ಗೆ ಹೋಗಬೇಕಾಗಿ ಬಂದರೆ ಫೀಸು ಏನಾಗುತ್ತದೆ ಅಂತ ಸೇರುವ ಮುಂಚೆಯೇ ಆ ಕಾಲೇಜಿನ ರೆಸಿಡೆನ್ಸಿ ಆಫೀಸಿಗೆ ಇಮೇಲ್ ಮಾಡಿ ಕೇಳಿ. ಫೋನಿನಲ್ಲಿ ಬೇಡ. ಬರೆದು ಕೊಟ್ಟ ಉತ್ತರ ನಿಮ್ಮ ಹತ್ತಿರ ಇರಬೇಕು.

ಬಂದ ತಿಂಗಳೇ ಮಾಡಬೇಕಾದ್ದು

ಕಾಲೇಜಿನವರು ನಿಮ್ಮ ಮನಸ್ಸನ್ನು ಓದಲಾರರು. ನೀವು ಇಲ್ಲಿ ಬಾಳುವುದಕ್ಕೆ ಬಂದಿರೋ, ಬರೀ ಫೀಸಿಗಾಗಿ ಬಂದಿರೋ ಅಂತ ಕಾಗದ ನೋಡಿ ತೀರ್ಮಾನ ಮಾಡುತ್ತಾರೆ. ಒಂದೊಂದು ಕಾಗದದ ಮೇಲೂ ಮೂರು ಇರಬೇಕು: ನಿಮ್ಮ ಹೆಸರು, ಟೆಕ್ಸಾಸ್ ವಿಳಾಸ, ತಾರೀಖು.

ಮನೆಯ ಲೀಸಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ, ಮಕ್ಕಳ ಹೆಸರು ವಾಸವಿರುವವರ ಪಟ್ಟಿಯಲ್ಲಿ ಬರಲಿ. ಕರೆಂಟು, ನೀರು, ಇಂಟರ್ನೆಟ್ ಬಿಲ್ಲುಗಳಲ್ಲಿ ಮೊದಲ ತಿಂಗಳದ್ದನ್ನೂ ಈ ತಿಂಗಳದ್ದನ್ನೂ ಖಂಡಿತ ಎತ್ತಿಡಿ. ಮೊದಲ ಕೆಲವು ವಾರ ಕಂಪನಿ ಕೊಟ್ಟ ತಾತ್ಕಾಲಿಕ ಮನೆಯಲ್ಲಿದ್ದರೆ ಅದರ ರಸೀದಿಯನ್ನೂ ಎಸೆಯಬೇಡಿ. ಹೊಸಬರು ಕಾರನ್ನು 30 ದಿನದೊಳಗೆ ಟೆಕ್ಸಾಸಿನಲ್ಲಿ ರಿಜಿಸ್ಟರ್ ಮಾಡಿಸಬೇಕು, ಡ್ರೈವಿಂಗ್ ಲೈಸೆನ್ಸ್ 90 ದಿನದೊಳಗೆ ಮಾಡಿಸಬೇಕು. ಇದು ಹೇಗೂ ಕಾನೂನು, ಬೇಗ ಮಾಡಿದರೆ ನಿಮ್ಮ ಫೈಲಿಗೂ ಆಯ್ತು. ವೀಸಾದವರ ಲೈಸೆನ್ಸಿನ ಮೇಲೆ ಸೀಮಿತ ಅವಧಿ ಅಂತ ಬರೆದಿರುತ್ತದೆ. ಅದಕ್ಕೆ ಗಾಬರಿ ಬೇಡ. ಮನೆ ಕೊಂಡುಕೊಂಡರೆ ಹೋಮ್‌ಸ್ಟೆಡ್ ಎಕ್ಸೆಂಪ್ಷನ್‌ಗೆ ಅರ್ಜಿ ಹಾಕಿ. ತೆರಿಗೆಯೂ ಇಳಿಯುತ್ತದೆ, ಇದೇ ನಮ್ಮ ವಾಸದ ಮನೆ ಅನ್ನುವುದಕ್ಕೆ ದಾಖಲೆಯೂ ಆಗುತ್ತದೆ.

ವೀಸಾದವರ ಹತ್ತಿರ, ಬೇರೆಯವರ ಹತ್ತಿರ ಇಲ್ಲದ ಎರಡು ಗಟ್ಟಿ ಕಾಗದಗಳು ಇರುತ್ತವೆ. ಯಾರೂ ಅವನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಮನೆ ಬದಲಿಸಿದ ಹತ್ತು ದಿನದೊಳಗೆ ವಲಸೆ ಇಲಾಖೆ ಯುಎಸ್‌ಸಿಐಎಸ್‌ಗೆ ಎಆರ್-11 ಫಾರಂ ಮೂಲಕ ವಿಳಾಸ ತಿಳಿಸಬೇಕು ಅಲ್ವಾ? ಅದರ ದೃಢೀಕರಣವನ್ನು ಪ್ರಿಂಟ್ ಹಾಕಿಡಿ. ಇನ್ನೊಂದು ಎಚ್-1ಬಿ ತಿದ್ದುಪಡಿ ಅರ್ಜಿ. ಕೆಲಸದ ಜಾಗ ಬೇರೆ ಮಹಾನಗರ ಪ್ರದೇಶಕ್ಕೆ ಬದಲಾದರೆ ಕಂಪನಿ ಹೊಸ ಎಲ್‌ಸಿಎ (ಕೆಲಸದ ಜಾಗ, ಸಂಬಳ ಹೇಳಿ ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿ) ಮಾಡಿಸಿ ತಿದ್ದುಪಡಿ ಅರ್ಜಿ ಹಾಕಲೇಬೇಕು ಅಂತ 2015ರ ಸಿಮಿಯೋ ತೀರ್ಪಿನಿಂದ ಸ್ಪಷ್ಟವಾಗಿದೆ. ಆ ಎಲ್‌ಸಿಎಯಲ್ಲಿ ಟೆಕ್ಸಾಸಿನ ಕೆಲಸದ ಜಾಗವೂ ತಾರೀಖೂ ಎರಡೂ ಇರುತ್ತವೆ. ಕಂಪನಿಯವರನ್ನು ಕೇಳಿ ಪ್ರತಿ ತೆಗೆದುಕೊಳ್ಳಿ. ನಿಮ್ಮ ಕೆಲಸ ಇಲ್ಲಿಗೇ ಬಂದಿದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಒಂದು ಮಾತನ್ನು ಕೈ ಮುಗಿದು ಹೇಳುತ್ತೇನೆ. ಅನೇಕ ಕಾಲೇಜುಗಳ ದಾಖಲೆಗಳ ಪಟ್ಟಿಯಲ್ಲಿ ವೋಟರ್ ರಿಜಿಸ್ಟ್ರೇಷನ್ ಅಂತಲೂ ಇರುತ್ತದೆ. ಲೈಸೆನ್ಸ್ ಮಾಡಿಸುವ ಕಡೆಯೂ ಮತದಾರರಾಗಿ ನೋಂದಾಯಿಸಬೇಕಾ ಅಂತ ಕೇಳುತ್ತಾರೆ. ನೀವು ಅಮೆರಿಕದ ಪ್ರಜೆ ಅಲ್ಲದಿದ್ದರೆ, ಗ್ರೀನ್ ಕಾರ್ಡ್ ಇದ್ದರೂ ಸರಿ, ಅದಕ್ಕೆ ಇಲ್ಲ ಅಂತಲೇ ಹೇಳಿ. ಪ್ರಜೆ ಅಂತ ಸುಳ್ಳು ಹೇಳಿಕೊಂಡ ಹಾಗಾದರೆ ಗಡೀಪಾರಿನ ತನಕ ಹೋಗಬಹುದು. ಪಟ್ಟಿಯಲ್ಲಿ ಇರುವುದೆಲ್ಲ ಬೇಕು ಅಂತಿಲ್ಲ. ನಿಮಗೆ ಸಲ್ಲುವುದನ್ನಷ್ಟೇ ಕೊಡಿ.

ಎಲ್ಲಕ್ಕಿಂತ ಭಾರದ ಕಾಗದ

ನೆಲೆ ಸಾಬೀತು ಮಾಡಲು ಟೆಕ್ಸಾಸ್ ಮುಖ್ಯವಾಗಿ ನೋಡುವುದು ಕೆಲವನ್ನು: ಹನ್ನೆರಡು ತಿಂಗಳು ಬಿಡದೆ ಕೆಲಸ, ಇಲ್ಲಿ ಸ್ವಂತ ಮನೆ, ಸ್ವಂತ ವ್ಯವಹಾರ, ಇಲ್ಲಿನವರನ್ನು ಮದುವೆಯಾಗಿರುವುದು. ಸಂಬಳದ ಮೇಲೆ ಬದುಕುವ ನಮ್ಮಂಥವರಿಗೆ ಕೆಲಸವೇ ಆಧಾರ. ಹಾಗಾಗಿ ಕಂಪನಿಯ ಪತ್ರದ ಮೇಲೆ ಜಾಸ್ತಿ ಗಮನ ಕೊಡಿ.

ಎಚ್‌ಆರ್‌ನವರನ್ನು ಸುಮ್ನೆ "ಎಂಪ್ಲಾಯ್‌ಮೆಂಟ್ ಲೆಟರ್ ಕೊಡಿ" ಅಂತ ಕೇಳಿದರೆ, 2016ರಿಂದ ನಮ್ಮಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ಎರಡು ಸಾಲು ಬರೆದು ಕಳಿಸುತ್ತಾರೆ. ಸುಳ್ಳಲ್ಲ, ಆದರೆ ನಿಮಗೆ ಉಪಯೋಗಕ್ಕಿಲ್ಲ. ಆ ವರ್ಷಗಳಲ್ಲಿ ನೀವು ಎಲ್ಲಿದ್ದಿರಿ ಅಂತ ಅದರಲ್ಲಿಲ್ಲ. ಪತ್ರದಲ್ಲಿ ಬೇಕಾದ್ದು ಹೀಗೆ: ಇವರು ಇಂಥ ತಾರೀಖಿನಿಂದ ಟೆಕ್ಸಾಸಿನ ಇಂಥ ವಿಳಾಸದ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಾರೆ, ವಾರಕ್ಕೆ ಇಷ್ಟು ಗಂಟೆ, ಇದು ಖಾಯಂ ಕೆಲಸ, ಇಂದಿಗೂ ನಡೆಯುತ್ತಿದೆ. ಕಂಪನಿಯ ಲೆಟರ್‌ಹೆಡ್, ಸಹಿ, ಸಹಿ ಹಾಕಿದ ದಿನ. ಮನೆಯಿಂದಲೇ ಕೆಲಸ ಮಾಡುವವರಾದರೆ, ಟೆಕ್ಸಾಸಿನ ಮನೆಯೇ ಕೆಲಸದ ಜಾಗ ಅಂತ ಬರೆಸಿ. ನೀವೇ ಒಂದು ಕರಡು ಬರೆದು ಕೊಟ್ಟರೆ ಎಚ್‌ಆರ್‌ನವರಿಗೂ ಸುಲಭ.

ಪತ್ರಕ್ಕೆ ಸಂಬಳದ ಚೀಟಿಗಳು ಹೊಂದಬೇಕು. ನಮಗೆ ಸಿಕ್ಕಾಪಟ್ಟೆ ತಲೆನೋವಾದದ್ದು ಇಲ್ಲೇ. ನಾವು ಬಂದು ತಿಂಗಳುಗಳಾದರೂ ಕಂಪನಿಯ ಪೇರೋಲಿನವರು ನ್ಯೂಜೆರ್ಸಿಯ ತೆರಿಗೆಯನ್ನೇ ಹಿಡಿಯುತ್ತಿದ್ದರು. ವಿಳಾಸ ಬದಲಿಸಿ ಅಂತ ಬರೆದ ಇಮೇಲಿಗೆ "ಆಗಿದೆ" ಅಂತ ಉತ್ತರವೂ ಬಂದಿತ್ತು. ವಿಳಾಸ ಬದಲಾಗಿತ್ತು, ತೆರಿಗೆಯ ರಾಜ್ಯ ಬದಲಾಗಿರಲಿಲ್ಲ. ಎರಡೂ ಬೇರೆ ಬೇರೆ ಕಡೆ ಬದಲಿಸಬೇಕಂತೆ. ವರ್ಷದ ಕೊನೆಗೆ ಡಬ್ಲ್ಯೂ-2, ಅಂದರೆ ವರ್ಷದ ಸಂಬಳ, ತೆರಿಗೆ ತೋರಿಸುವ ಹಾಳೆ, ಬಂದಾಗ ಮೇಲೆ ಫ್ರಿಸ್ಕೋ ವಿಳಾಸ, ಕೆಳಗೆ ರಾಜ್ಯದ ಹೆಸರಿರುವ 15ನೇ ಚೌಕದಲ್ಲಿ ಎನ್‌ಜೆ, ಪಕ್ಕದ 16ರಲ್ಲಿ ಇಡೀ ವರ್ಷದ ಸಂಬಳ. ಆ ಒಂದು ಹಾಳೆ ನೋಡಿದವರು ಈ ಮನುಷ್ಯ ವರ್ಷವೆಲ್ಲ ನ್ಯೂಜೆರ್ಸಿಯಲ್ಲಿ ದುಡಿದಿದ್ದಾನೆ ಅಂದುಕೊಂಡರೆ ತಪ್ಪು ಹೇಳಲಾಗುತ್ತಾ? ಕಂಪನಿಯ ಹಿಂದೆ ಬಿದ್ದು ತಿದ್ದಿದ ಪ್ರತಿ, ಡಬ್ಲ್ಯೂ-2ಸಿ, ತರಿಸಿಕೊಂಡೆವು. ಆಮೇಲೆ ಆ ವರ್ಷಕ್ಕೆ ನ್ಯೂಜೆರ್ಸಿಯಲ್ಲಿ ಅರ್ಧ ವರ್ಷದ ನಿವಾಸಿ ಅಂತ ರಿಟರ್ನ್ ಹಾಕಿದೆವು. ನೀವು ಬಂದ ಮೇಲೆ ಸಿಗುವ ಮೊದಲ ಪೇ ಸ್ಟಬ್ಬನ್ನೇ ತೆಗೆದು ಯಾವ ರಾಜ್ಯದ ತೆರಿಗೆ ಹಿಡಿದಿದ್ದಾರೆ ಅಂತ ನೋಡಿ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಹಾಗಾಗಿ ಆ ಸಾಲೇ ಮಾಯವಾಗಿರಬೇಕು. ಬೇರೆ ರಾಜ್ಯಗಳಲ್ಲಿ ರಾಜ್ಯದ ಟ್ಯಾಕ್ಸ್ ರಿಟರ್ನ್ ದೊಡ್ಡ ಸಾಕ್ಷಿ. ಇಲ್ಲಿ ಅದು ಸಿಗದಿರುವುದರಿಂದಲೇ ಕಂಪನಿಯ ಪತ್ರಕ್ಕೂ ಪೇ ಸ್ಟಬ್ಬಿಗೂ ಇಷ್ಟು ತೂಕ.

ಇದರ ಜೊತೆಗೆ ಫೆಡರಲ್ ರಿಟರ್ನ್ 1040ರ ಮೊದಲ ಪುಟ, ಅದರಲ್ಲಿ ಮಗುವಿನ ಹೆಸರು ಡಿಪೆಂಡೆಂಟ್ ಅಂತ ಇರುವುದು. ನಿಮ್ಮ ನೆಲೆಗೂ ಮಗುವಿಗೂ ನಂಟು ಹಾಕುವುದು ಅದೇ ಪುಟ.

ಅರ್ಜಿ ತುಂಬುವಾಗ

ಟೆಕ್ಸಾಸಿನ ಕಾಲೇಜುಗಳಿಗೆ ಆನ್‌ಲೈನಿನಲ್ಲಿ ಹಾಕುವ ಅಪ್ಲೈ ಟೆಕ್ಸಾಸ್ ಅರ್ಜಿಯಲ್ಲಿ ರೆಸಿಡೆನ್ಸಿ (ನೆಲೆಯ) ಪ್ರಶ್ನೆಗಳ ಒಂದು ಭಾಗ ಇದೆ. ಮಕ್ಕಳು ರಾತ್ರಿ ಹನ್ನೊಂದಕ್ಕೆ ಪ್ರಬಂಧ ಬರೆದು ಸುಸ್ತಾಗಿ ಇದನ್ನು ಐದು ನಿಮಿಷದಲ್ಲಿ ಒತ್ತಿ ಮುಗಿಸುತ್ತಾರೆ. ದಯವಿಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಅಪ್ಪ ಅಮ್ಮ ಯಾವ ತಿಂಗಳು, ಯಾವ ವರ್ಷ ಬಂದರು ಅಂತ ಮಕ್ಕಳಿಗೆ ಸರಿಯಾಗಿ ನೆನಪಿರುವುದಿಲ್ಲ. ಲೀಸಿನಲ್ಲಿ ಜೂನ್, ಅರ್ಜಿಯಲ್ಲಿ ಆಗಸ್ಟ್ ಅಂತ ಇದ್ದರೆ ಕೇಳುವವರಿಗೆ ಒಂದು ಪ್ರಶ್ನೆ ನೀವೇ ಕೊಟ್ಟ ಹಾಗೆ.

ಅದರಲ್ಲಿ ಒಂದು ಪ್ರಶ್ನೆ, ಟೆಕ್ಸಾಸಿಗೆ ಬಂದ ಮುಖ್ಯ ಉದ್ದೇಶ ಏನು ಅಂತ. ಕಾಲೇಜು ಓದಲು, ಮನೆ ಮಾಡಿಕೊಂಡಿರಲು, ಕೆಲಸದ ನಿಯೋಜನೆ ಮೇಲೆ, ಹೀಗೆ ಆಯ್ಕೆಗಳಿರುತ್ತವೆ. ಪಾಪ, ಮಗು ತನ್ನ ಮನಸ್ಸಿನಲ್ಲಿ ಕಾಲೇಜನ್ನೇ ಇಟ್ಟುಕೊಂಡಿರುತ್ತದೆ, ಮೊದಲನೆಯದನ್ನು ಒತ್ತಿಬಿಡುತ್ತದೆ. ಪ್ರಶ್ನೆ ಯಾರನ್ನು ಕುರಿತದ್ದು ಅಂತ ಎರಡು ಸಲ ಓದಿ, ನಿಮ್ಮ ಮಟ್ಟಿಗೆ ಯಾವುದು ನಿಜವೋ ಅದನ್ನು ಹಾಕಿ. ತುಂಬಿದ ಪುಟಗಳನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ನಾಳೆ ಇನ್ನೊಂದು ಕಾಲೇಜಿನ ಅರ್ಜಿಯಲ್ಲೂ ಇದೇ ಉತ್ತರ ಇರಬೇಕು.

ಸೀಟು ಸಿಕ್ಕಿದ ಮೇಲೆ ಪೋರ್ಟಲಿನಲ್ಲಿ ರೆಸಿಡೆಂಟ್ ಅಂತ ಇದೆಯೋ, ನಾನ್-ರೆಸಿಡೆಂಟ್ ಅಂತ ಇದೆಯೋ ಅಂತ ಕೂಡಲೇ ನೋಡಿ. ನಾನ್-ರೆಸಿಡೆಂಟ್ ಅಂತ ಬಂದಿದ್ದರೆ ಅಳುತ್ತಾ ಕೂರಬೇಡಿ. ಎಷ್ಟೋ ಸಲ ಅದರ ಅರ್ಥ ಕಾಗದ ಸಾಲದು ಅಂತಷ್ಟೇ. ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಒಂದು ಪುಟದ ಪತ್ರ ಬರೆದು, ಮರುಪರಿಶೀಲನೆ ಕೇಳಿ. ಆ ಪತ್ರದಲ್ಲಿ ನಮ್ಮ ಕಷ್ಟ ಸುಖ ಬೇಡ. ಯಾವತ್ತು ಬಂದೆವು, ಯಾಕೆ ಬಂದೆವು, ಯಾವ ಕಾಗದದಲ್ಲಿ ಏನಿದೆ, ಇಷ್ಟೇ ಸಾಕು. ಸೆನ್ಸಸ್ ಡೇಟ್ ದಾಟುವ ಮುಂಚೆ ಇದೆಲ್ಲ ಅವರ ಕೈ ಸೇರಿರಬೇಕು.

ಅಣ್ಣನ ಮನೆ ವಿಳಾಸ

ಪರಿಚಯದ ಹುಡುಗಿಯೊಬ್ಬಳು ಜಾರ್ಜಿಯಾದಿಂದ ಫೋನ್ ಮಾಡಿದ್ದಳು. "ಅಕ್ಕಾ, ಇವರ ಅಣ್ಣ ಆಸ್ಟಿನ್‌ನಲ್ಲೇ ಇದ್ದಾರಲ್ಲ, ಮಗನ ಅಡ್ರೆಸ್ ಅಲ್ಲಿಗೆ ಹಾಕಿಬಿಟ್ಟರೆ ಆಗಲ್ವಾ?" ಆಗಲ್ಲಮ್ಮ ಅಂದೆ. ದೊಡ್ಡಪ್ಪನ ಮನೆಯಲ್ಲಿ ಇದ್ದ ಮಾತ್ರಕ್ಕೆ ಅಪ್ಪ ಅಮ್ಮನ ನೆಲೆ ಬದಲಾಗುವುದಿಲ್ಲ. ಅದಕ್ಕಿಂತ ಮುಖ್ಯ, ಆ ಅರ್ಜಿಯ ಕೆಳಗೆ ಇದೆಲ್ಲ ಸತ್ಯ ಅಂತ ಸಹಿ ಮಾಡುವುದು ಹದಿನೇಳು ಹದಿನೆಂಟು ವರ್ಷದ ಮಗು. ನಾಳೆ ವೀಸಾಕ್ಕೂ ಗ್ರೀನ್ ಕಾರ್ಡಿಗೂ ಇದೇ ಹೆಸರಿನಲ್ಲಿ ಅರ್ಜಿ ಹಾಕಬೇಕು. ದುಡ್ಡು ಉಳಿಸುವ ಆಸೆಗೆ ಮಕ್ಕಳ ಕೈಯಲ್ಲಿ ಸುಳ್ಳಿಗೆ ಸಹಿ ಹಾಕಿಸಬೇಡಿ.

ಬೇರೆ ರಾಜ್ಯಕ್ಕೆ ಹೋಗುವವರಿಗೆ

ಹೆಚ್ಚಿನ ರಾಜ್ಯಗಳಲ್ಲಿ ಹನ್ನೆರಡು ತಿಂಗಳ ನಿಯಮವೇ ಇದೆ, ಒಳಗಿನ ವಿವರ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 366 ದಿನ ಅಂತ ಲೆಕ್ಕ. ಹದಿನೆಂಟು ದಾಟಿದ ಮಗು ತಾನೂ ಅಷ್ಟು ದಿನ ಅಲ್ಲಿ ಇದ್ದಿರಬೇಕು, ಅಪ್ಪ ಒಬ್ಬರೇ ಮೊದಲು ಹೋದರೆ ಸಾಲದು. ಕ್ಯಾಲ್ ಸ್ಟೇಟ್ ಕಾಲೇಜುಗಳಲ್ಲಿ ಫಾಲ್ ಸೆಮಿಸ್ಟರಿಗೆ ನೋಡುವ ತಾರೀಖು ಸೆಪ್ಟೆಂಬರ್ 20. ಯುಸಿಯಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಹೊರಗಿನವರು 2025-26ರಲ್ಲಿ ಹೆಚ್ಚುವರಿಯಾಗಿ ಕಟ್ಟಬೇಕಾದ್ದೇ 37,602 ಡಾಲರ್. ಎಚ್-1ಬಿ, ಎಚ್-4ನವರು ಅಲ್ಲೂ ಅರ್ಹರು. ಲೈಸೆನ್ಸಿಗೆ ಅಲ್ಲಿ ಹತ್ತೇ ದಿನ ಗಡುವು. ನಾರ್ತ್ ಕ್ಯಾರೊಲೈನಾದಲ್ಲಿ ನೆಲೆ ತೀರ್ಮಾನಿಸುವುದಕ್ಕೆ ಆರ್‌ಡಿಎಸ್ ಅಂತ ಒಂದೇ ವ್ಯವಸ್ಥೆ. ಅಲ್ಲಿ ಒಮ್ಮೆ ತೀರ್ಮಾನವಾಗಿ ನಂಬರ್ ಸಿಕ್ಕರೆ ಎಲ್ಲ ಸರ್ಕಾರಿ ಕಾಲೇಜುಗಳಿಗೂ ಅದೇ. ಫ್ಲೋರಿಡಾದಲ್ಲಿ ವಾರಕ್ಕೆ 30 ಗಂಟೆಯ ಖಾಯಂ ಕೆಲಸ ಹನ್ನೆರಡು ತಿಂಗಳು ಮಾಡಿರುವುದು ಒಂದು ಮುಖ್ಯ ಸಾಕ್ಷಿ.

ವರ್ಷ ತುಂಬದಿದ್ದರೆ

ಕಂಪನಿ ಜನವರಿಯಲ್ಲಿ ವರ್ಗ ಮಾಡಿತು, ಮಗು ಅದೇ ಆಗಸ್ಟ್‌ನಲ್ಲಿ ಕಾಲೇಜಿಗೆ. ಇಂಥವರಿಗೂ ದಾರಿ ಇದೆ. ಟೆಕ್ಸಾಸಿನ ಸರ್ಕಾರಿ ಯೂನಿವರ್ಸಿಟಿ ಸ್ಪರ್ಧೆಯ ಮೇಲೆ ಕೊಡುವ, ಕನಿಷ್ಠ 1,000 ಡಾಲರಿನ ಸ್ಕಾಲರ್‌ಶಿಪ್ ಸಿಕ್ಕವರಿಗೆ ಹೊರಗಿನವರ ಫೀಸನ್ನು ಮನ್ನಾ ಮಾಡುವ ಅವಕಾಶ ಕಾನೂನಿನಲ್ಲಿದೆ. ಎಲ್ಲರಿಗೂ ಕೊಡುವುದಿಲ್ಲ, ಅದಕ್ಕೆ ಮಿತಿ ಇದೆ. ಹಾಗಾಗಿ ಸ್ಕಾಲರ್‌ಶಿಪ್ ಅರ್ಜಿಗಳನ್ನು ಬೇಗ ಹಾಕಿ, ಇದಕ್ಕೆ ಫೀಸು ಮನ್ನಾ ಸೇರಿದೆಯಾ ಅಂತ ನೇರವಾಗಿ ಕೇಳಿ. ಮೊದಲ ಒಂದೆರಡು ಸೆಮಿಸ್ಟರ್ ಪೂರ್ತಿ ಫೀಸು ಕಟ್ಟಿ, ಅಪ್ಪ ಅಮ್ಮನ ಹನ್ನೆರಡು ತಿಂಗಳು ತುಂಬಿದ ಮೇಲಿನ ಸೆಮಿಸ್ಟರಿಗೆ ಮರುಪರಿಶೀಲನೆ ಕೇಳುವುದೂ ಉಂಟು.

ನನಗೆ ಎಲ್ಲಕ್ಕಿಂತ ಒಪ್ಪಿಗೆಯಾಗುವುದು ಕಮ್ಯುನಿಟಿ ಕಾಲೇಜು, ಅಂದರೆ ಮೊದಲ ಎರಡು ವರ್ಷದ ಪಾಠ ಹೇಳುವ ಸ್ಥಳೀಯ ಸರ್ಕಾರಿ ಕಾಲೇಜು. ನಮ್ಮವರು ಇದರ ಹೆಸರು ಹೇಳಿದರೆ ಮುಖ ಸಿಂಡರಿಸುತ್ತಾರೆ, ನನಗೆ ಬೇಜಾರಾಗುತ್ತದೆ. ನಮ್ಮ ಕಡೆ ಕಾಲಿನ್ ಕಾಲೇಜ್, ಡಲ್ಲಾಸ್ ಕಾಲೇಜ್ ಇವೆ. ಅಲ್ಲಿ ಸ್ವಂತ ಜಿಲ್ಲೆಯವರಿಗೆ ಒಂದು ದರ, ರಾಜ್ಯದ ಬೇರೆ ಕಡೆಯವರಿಗೆ ಒಂದು, ಹೊರರಾಜ್ಯದವರಿಗೆ ಒಂದು. ಹೊರಗಿನವರ ದರವೂ ಯೂನಿವರ್ಸಿಟಿಗೆ ಹೋಲಿಸಿದರೆ ಎಷ್ಟೋ ಕಮ್ಮಿ. ಟೆಕ್ಸಾಸಿನಲ್ಲಿ ಎಲ್ಲರೂ ಓದಬೇಕಾದ 42 ಕ್ರೆಡಿಟ್‌ಗಳ ಕೋರ್ ಪಠ್ಯವನ್ನು ಒಂದು ಸರ್ಕಾರಿ ಕಾಲೇಜಿನಲ್ಲಿ ಮುಗಿಸಿದರೆ ಇನ್ನೊಂದು ಸರ್ಕಾರಿ ಕಾಲೇಜು ಅದನ್ನು ಇಡಿಯಾಗಿ ಒಪ್ಪಿಕೊಳ್ಳಬೇಕು. ಒಂದು ವರ್ಷ ಅಲ್ಲಿ ಓದಿ, ಅಷ್ಟರಲ್ಲಿ ನಿಮ್ಮ ಹನ್ನೆರಡು ತಿಂಗಳೂ ತುಂಬಿಸಿಕೊಂಡು, ಆಮೇಲೆ ಯೂನಿವರ್ಸಿಟಿಗೆ ವರ್ಗವಾಗಬಹುದು. ಇಂಜಿನಿಯರಿಂಗ್ ಬೇಕೆನ್ನುವವರು ಮಾತ್ರ, ಗಣಿತ ಮತ್ತು ಭೌತಶಾಸ್ತ್ರದ ಯಾವ ಕೋರ್ಸುಗಳನ್ನು ತಮ್ಮ ವಿಭಾಗ ಒಪ್ಪುತ್ತದೆ ಅಂತ ಯೂನಿವರ್ಸಿಟಿಯ ಟ್ರಾನ್ಸ್‌ಫರ್ ಸಲಹೆಗಾರರನ್ನು ಮೊದಲೇ ಕೇಳಿ, ಅದರ ಪ್ರಕಾರವೇ ತೆಗೆದುಕೊಳ್ಳಬೇಕು.